ದಿಗ್ವಿಜಯದ ಪಾಠವೂ ಲಕ್ಕಮ್ಮನ ಅಕ್ಕಿಯೂ

ಇತಿಹಾಸವೆಂಬ ಶಬ್ದವನ್ನು ಪ್ರಾಚೀನರು ‘ಇತಿ ಹ ಆಸ’ ಎಂದು ಬಿಡಿಸಿ, ‘ಹೀಗೆಯೇ ಇದ್ದಿತು’ ಎಂದು ಅರ್ಥ ಹೇಳಿರುವರು. ಹೀಗೆಯೇ ಇದ್ದಿತೆಂದು ಹೇಳಹೊರಟವನ ಮೇಲೆ ಎರಡು ಹೊಣೆಗಳು ಬೀಳುತ್ತವೆ. ಇದ್ದುದನ್ನು ಮರೆಮಾಚಬಾರದು, ಇಲ್ಲದುದನ್ನು ಕೂಡಿಸಬಾರದು. ಕೇಳುವವರು ವಯಸ್ಕರಾದರೆ ಹೇಳಿದವನ ತಪ್ಪನ್ನು ಬೇರೆಡೆಯಲ್ಲಿ ವಿಚಾರಿಸಿ ತಿದ್ದಿಕೊಂಡಾರು. ಕೇಳುವವರು ಹತ್ತು ಹನ್ನೆರಡು ವರ್ಷದ ಬಾಲಕ ಬಾಲಿಕೆಯರಾದರೆ, ಹಸಿಯ ಗೋಡೆಯ ಮೇಲೆ ಮೂಡಿದ ಕೈಯ ಗುರುತಿನಂತೆ, ಮೊದಲು ಹೇಳಿದುದೇ ಕೊನೆಯವರೆಗೂ ನಿಲ್ಲುತ್ತದೆ. ಆದುದರಿಂದ ಯುದ್ಧ, ಸಾಮ್ರಾಜ್ಯ, ದಿಗ್ವಿಜಯಗಳ ಕಥೆಯನ್ನು ಮಕ್ಕಳಿಗೆ ಯಾವ ಬಗೆಯಲ್ಲಿ ಹೇಳತಕ್ಕುದೆಂಬುದು ಪಾಠಶಾಲೆಯ ವಿಷಯವೆಂದು ತೋರಿದರೂ ನಿಜವಾಗಿ ಧರ್ಮದ ವಿಷಯವೇ ಆಗಿದೆ.

ಶಾಲೆಯ ಚರಿತ್ರೆಯ ಪುಸ್ತಕವನ್ನು ತೆರೆದು ನೋಡಿದ ಗೃಹಸ್ಥನಿಗೆ ಒಂದು ಸಂಗತಿ ಕಾಣದೆ ಇರದು. ಇಂಥ ಅರಸನು ಇಂಥ ವರ್ಷದಲ್ಲಿ ಇಂಥವನನ್ನು ಸೋಲಿಸಿ ಇಷ್ಟು ನಾಡನ್ನು ಗೆದ್ದುಕೊಂಡನೆಂಬ ವಾಕ್ಯಗಳು ಪುಟಪುಟದಲ್ಲಿಯೂ ಬರುತ್ತವೆ. ಗೆದ್ದ ನಾಡು ಹೆಚ್ಚಾದಷ್ಟೂ ಅರಸನ ಹೆಸರಿಗೆ ಬಿರುದು ಹೆಚ್ಚುತ್ತದೆ. ಮಗು ಆ ಬಿರುದನ್ನೂ ವರ್ಷವನ್ನೂ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು ಅಂಕಗಳನ್ನು ಪಡೆಯುತ್ತದೆ. ಅದೇ ಮಗು ಮನೆಗೆ ಬಂದು, ನೆರೆಯವರ ಬಳ್ಳಿಯಿಂದ ಹೇಳದೆ ಕೇಳದೆ ಒಂದು ಸೌತೆಕಾಯಿಯನ್ನು ಕಿತ್ತರೆ ತಾಯಿ ಗದರಿಸುತ್ತಾಳೆ. ಹೋಗಿ ಕೊಟ್ಟು ಬಾ ಎಂದು ಕಳುಹಿಸುತ್ತಾಳೆ. ಒಂದು ಕಾಯಿಯನ್ನು ಕಿತ್ತವನು ತಪ್ಪಿತಸ್ಥನೆಂದು ಮನೆ ಹೇಳುತ್ತದೆ. ಒಂದು ನಾಡನ್ನೇ ಕಿತ್ತುಕೊಂಡವನು ಮಹಾಪುರುಷನೆಂದು ಪುಸ್ತಕ ಹೇಳುತ್ತದೆ. ಕೊರಳಲ್ಲಿ ಇಷ್ಟಲಿಂಗವನ್ನು ಧರಿಸಿದ ಒಂದೇ ಮಗುವಿನ ಎದೆಯಲ್ಲಿ ಹೀಗೆ ಎರಡು ಧರ್ಮಗಳು ಬೇರೂರತೊಡಗಿದರೆ, ಬೆಳೆದ ಮೇಲೆ ಅದು ಯಾವುದನ್ನು ನಂಬಿ ನಡೆಯಬೇಕು? ಚಿಕ್ಕವರಿಗೆ ಒಂದು ನೀತಿ, ಬಲ್ಲಿದರಿಗೆ ಇನ್ನೊಂದು ನೀತಿ ಎಂಬ ಮೂರನೆಯ ಪಾಠವನ್ನು ಅದು ತಾನೇ ಕಲಿತುಕೊಂಡರೆ ಆಶ್ಚರ್ಯವೇನು?

ಈ ತೊಡಕನ್ನು ಬಿಡಿಸುವುದಕ್ಕೆ ಶರಣರ ಚರಿತ್ರೆಯಲ್ಲಿಯೇ ಒಂದು ಕೀಲಿಕೈ ಇದೆ. ಆಯ್ದಕ್ಕಿ ಮಾರಯ್ಯನವರ ಪ್ರಸಂಗವನ್ನು ಕೇಳದ ಭಕ್ತರ ಮನೆಯಿಲ್ಲ. ಕಲ್ಯಾಣದಲ್ಲಿ ನೆಲಕ್ಕೆ ಉದುರಿದ ಅಕ್ಕಿಯನ್ನು ಆಯ್ದು ತರುವುದು ಆ ಶರಣರ ಕಾಯಕ. ಆ ಅಕ್ಕಿಯಿಂದ ಜಂಗಮದಾಸೋಹ ನಡೆಯುತ್ತಿತ್ತು. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ತಂದರು. ಅದು ಕದ್ದುದಲ್ಲ, ಯಾರನ್ನೂ ಹೊಡೆದು ತಂದುದಲ್ಲ. ಆದರೂ ಧರ್ಮಪತ್ನಿಯಾದ ಲಕ್ಕಮ್ಮನವರು ಗಂಟಿನ ತೂಕವನ್ನು ನೋಡಿ, ಇದು ಅಗತ್ಯವನ್ನು ಮೀರಿತೆಂದು ತಿಳಿದು, ಹೆಚ್ಚಾದ ಅಕ್ಕಿಯನ್ನು ತಂದ ಎಡೆಯಲ್ಲಿಯೇ ಮರಳಿ ಚೆಲ್ಲಿ ಬರಬೇಕೆಂದು ಪತಿಗೆ ತಿಳಿಯಹೇಳಿದರು. ಬೇಕಾದುದಕ್ಕಿಂತ ಹೆಚ್ಚಿನದನ್ನು ಬಯಸುವ ಗುಣ ಆಳುವವರಿಗೆ ಒಪ್ಪೀತು, ಭಕ್ತರಿಗೆ ಒಪ್ಪದೆಂಬುದು ಆ ತಾಯಿಯ ಬೋಧೆಯ ತಿರುಳು.

ಈ ಪ್ರಸಂಗವನ್ನು ಸತಿಪತಿಗಳ ನೀತಿಕಥೆಯೆಂದು ಮಾತ್ರ ತಿಳಿದರೆ ಅದರ ಅರ್ಧ ಬೆಲೆ ಹೋದಂತೆಯೇ. ಷಟ್‌ಸ್ಥಲಗಳಲ್ಲಿ ಪ್ರಸಾದಿಸ್ಥಲದ ಮರ್ಮವೇ ಇದರಲ್ಲಿದೆ. ಪದಾರ್ಥವು ಲಿಂಗಕ್ಕೆ ಅರ್ಪಿತವಾಗಿ ಪ್ರಸಾದವಾಗುತ್ತದೆ; ಅರ್ಪಿಸುವುದಕ್ಕೆ ಮೊದಲು ಆ ಪದಾರ್ಥವು ಶುದ್ಧವಾದ ಕಾಯಕದಿಂದ ಬಂದುದಾಗಿರಬೇಕು. ಬಂದ ಹಾದಿ ಶುದ್ಧವಲ್ಲದಿದ್ದರೆ ಬಂಗಾರದ ಹರಿವಾಣದಲ್ಲಿ ಇಟ್ಟರೂ ಅದು ಅರ್ಪಿತಕ್ಕೆ ಸಲ್ಲದು. ಆದುದರಿಂದ ಲಕ್ಕಮ್ಮನವರ ನಡೆಯೊಳಗೆ ಮೂರು ಪ್ರಶ್ನೆಗಳು ಅಡಗಿವೆ. ಇದು ಎಲ್ಲಿಂದ ಬಂದಿತು? ಇದು ಯಾರ ಪಾಲಿನದು? ಇದನ್ನು ಬಂದಲ್ಲಿಗೆ ಮರಳಿಸಲಾಯಿತೆ? ಒಂದು ಗಂಟು ಅಕ್ಕಿಗೆ ಒಪ್ಪುವ ಪ್ರಶ್ನೆಗಳು ಒಂದು ಸಾಮ್ರಾಜ್ಯಕ್ಕೆ ಒಪ್ಪದೆ ಹೋಗಲು ಕಾರಣವಿಲ್ಲ. ಸಾಮ್ರಾಜ್ಯವೆಂದರೆ ಮರಳಿ ಚೆಲ್ಲಿ ಬಾ ಎಂದು ಹೇಳುವವರಿಲ್ಲದೆ ಬೆಳೆಯುತ್ತಲೇ ಹೋದ ಗಂಟು. ಚರಿತ್ರೆಯನ್ನು ಕಲಿಸುವವನು ಈ ಮೂರು ಪ್ರಶ್ನೆಗಳನ್ನು ಮಗುವಿನ ಕೈಗೆ ಕೊಟ್ಟರೆ, ಮನೆಯ ಧರ್ಮಕ್ಕೂ ಶಾಲೆಯ ಪಾಠಕ್ಕೂ ಬಿದ್ದ ಬಿರುಕು ತಾನಾಗಿ ಕೂಡಿಕೊಳ್ಳುತ್ತದೆ.

ಕನ್ನಡ ನಾಡಿನ ಚರಿತ್ರೆಯಲ್ಲಿ ಮಕ್ಕಳು ಮೊದಮೊದಲು ಓದುವ ದೊಡ್ಡ ಹೆಸರು ಇಮ್ಮಡಿ ಪುಲಕೇಶಿಯದು. ಐಹೊಳೆಯ ಮೇಗುಟಿಯಲ್ಲಿ ರವಿಕೀರ್ತಿಯು ರಚಿಸಿದ ಶಾಸನವು ಶಕವರ್ಷ 556ರದು, ಎಂದರೆ ಕ್ರಿ. ಶ. 634ರ ಸುಮಾರಿನದು. ಕನೌಜದ ಹರ್ಷನ ಸೋಲನ್ನು ಆ ಕವಿ ಅವನ ಹೆಸರಿನ ಮೇಲೆಯೇ ಶ್ಲೇಷೆಮಾಡಿ ಹಾಡಿದ್ದಾನೆ. ಪಲ್ಲವರ ಅರಸನು ಕಾಂಚಿಯ ಕೋಟೆಯ ಹಿಂದೆ ಅಡಗಿದನೆಂದು ವರ್ಣಿಸಿದ್ದಾನೆ. ಕಾವ್ಯಗುಣದಲ್ಲಿ ಅದು ಉತ್ತಮವಾದ ರಚನೆ. ಕನ್ನಡಿಗರು ಅದನ್ನು ಓದಿ ಸಂತೋಷಪಡುವುದರಲ್ಲಿ ದೋಷವಿಲ್ಲ. ಆದರೆ ಅಲ್ಲಿಗೆ ಪುಸ್ತಕವನ್ನು ಮುಚ್ಚಿದರೆ ‘ಹೀಗೆಯೇ ಇದ್ದಿತು’ ಎಂಬ ಮಾತು ಸುಳ್ಳಾಗುತ್ತದೆ. ಎಂಟು ವರ್ಷಗಳು ಕಳೆಯುವಷ್ಟರಲ್ಲಿ, 642ರಲ್ಲಿ, ಪಲ್ಲವ ನರಸಿಂಹವರ್ಮನು ದಂಡೆತ್ತಿ ಬಂದು ವಾತಾಪಿಯನ್ನು ಹಿಡಿದನು; ವಾತಾಪಿಯನ್ನು ಕೊಂಡವನೆಂಬ ಬಿರುದನ್ನು ಧರಿಸಿದನು; ಬಾದಾಮಿಯ ಬಂಡೆಯ ಮೇಲೆಯೇ ತನ್ನ ಶಾಸನವನ್ನು ಕೆತ್ತಿಸಿದನು. ಮುಂದೆ ಹತ್ತು ವರ್ಷಕ್ಕೂ ಮೀರಿ ಚಾಲುಕ್ಯರ ರಾಜಧಾನಿ ಶತ್ರುಗಳ ಕೈಯಲ್ಲಿತ್ತು. ಆಮೇಲೆ ಚಾಲುಕ್ಯರ ಸರದಿ ಬಂದಿತು. ಇಮ್ಮಡಿ ವಿಕ್ರಮಾದಿತ್ಯನು ಮೂರು ಬಾರಿ ಕಾಂಚಿಯನ್ನು ಗೆದ್ದನೆಂದು ಶಾಸನಗಳು ಸಾರುತ್ತವೆ. ಕಾಂಚಿಯ ಬೀದಿಯಲ್ಲಿ ಅತ್ತ ತಾಯಿಗೂ ವಾತಾಪಿಯ ಬೀದಿಯಲ್ಲಿ ಅತ್ತ ತಾಯಿಗೂ ಭಾಷೆ ಬೇರೆಯಾಗಿದ್ದಿರಬಹುದು, ಕಣ್ಣೀರು ಬೇರೆಯಾಗಿರಲಿಲ್ಲ. ಒಂದನ್ನು ವಿಜಯವೆಂದೂ ಇನ್ನೊಂದನ್ನು ಅನ್ಯಾಯವೆಂದೂ ಕಲಿಸುವ ಉಪಾಧ್ಯಾಯನ ಕೈಯಲ್ಲಿ ಎರಡು ತಕ್ಕಡಿಗಳಿವೆಯೆಂದೇ ತಿಳಿಯಬೇಕು.

ಅದೇ ವಿಕ್ರಮಾದಿತ್ಯನ ಬಾಳಿನಲ್ಲಿ ಮಕ್ಕಳಿಗೆ ಅಗತ್ಯವಾಗಿ ಹೇಳಬೇಕಾದ ಇನ್ನೊಂದು ಸಂಗತಿಯುಂಟು. ಕಾಂಚಿಯನ್ನು ಹೊಕ್ಕ ಮೇಲೆ ಅವನು ರಾಜಸಿಂಹೇಶ್ವರ ದೇವಾಲಯದ, ಈಗಿನ ಕೈಲಾಸನಾಥ ದೇವಾಲಯದ, ಸಂಪತ್ತನ್ನು ಕಂಡನು. ಕಂಡರೂ ಸೂರೆಗೊಳ್ಳದೆ ದೇವರಿಗೇ ಮರಳಿ ಬಿಟ್ಟುಕೊಟ್ಟನು. ಈ ಮಾತನ್ನು ತಿಳಿಸುವ ಕನ್ನಡ ಶಾಸನವು ಆ ದೇವಾಲಯದ ಕಂಬದ ಮೇಲೆ ಇಂದಿಗೂ ಇದೆ. ಗೆದ್ದವನ ಕೈ ಗಂಟಿನ ಮೇಲೆ ಇದ್ದಾಗಲೇ ಆ ಗಂಟು ಮರಳಿ ಬಿಚ್ಚಿಕೊಂಡ ಗಳಿಗೆಯದು. ಯುದ್ಧದಲ್ಲಿ ಸತ್ತವರು ಅದರಿಂದ ಎದ್ದುಬರಲಿಲ್ಲ, ನಿಜ. ಮುತ್ತಿಗೆಗಳೂ ಅಲ್ಲಿಗೆ ನಿಲ್ಲಲಿಲ್ಲ. ಆದರೂ ಮೂರು ಬಾರಿ ಗೆದ್ದುದಕ್ಕಿಂತ ಒಂದು ಬಾರಿ ಮರಳಿಸಿದುದು ಹಿರಿದೆಂದು ಮಗುವಿಗೆ ತಿಳಿಸಿದರೆ, ಲಕ್ಕಮ್ಮನವರ ತಕ್ಕಡಿಯಿಂದ ಅರಸನನ್ನು ತೂಗುವ ಬಗೆ ಅದಕ್ಕೆ ಗೊತ್ತಾಗುತ್ತದೆ.

ಗೆದ್ದವರ ಮಾತು ಕಲ್ಲಿನ ಮೇಲೆ ಉಳಿಯುವುದು ವಾಡಿಕೆ. ಸೋತವರ ಮಾತು ಉಳಿಯುವುದು ಅಪರೂಪ. ಉಳಿದಲ್ಲಿ ಅದನ್ನು ತಪ್ಪದೆ ಓದಿಸಬೇಕು. ಬಂಕಾಪುರ ಸೀಮೆಯ ಹೊಟ್ಟೂರಿನಲ್ಲಿ ಚಾಲುಕ್ಯ ಸತ್ಯಾಶ್ರಯನ ಕಾಲದ, 1007ರ, ಶಾಸನವೊಂದಿದೆ. ಚೋಳರ ದಂಡು ಒಂಬತ್ತು ಲಕ್ಷ ಸಂಖ್ಯೆಯಲ್ಲಿ ಬಂದು ನಾಡನ್ನು ಸೂರೆಗೊಂಡು, ಹೆಂಗಸರು ಮಕ್ಕಳೆನ್ನದೆ ಕೊಂದಿತೆಂದು ಅದು ಹೇಳುತ್ತದೆ. ತಂಜಾವೂರಿನ ಮಹಾದೇವಾಲಯವನ್ನು ಕಟ್ಟಿಸಿದ ಶಿವಭಕ್ತನಾದ ರಾಜರಾಜನು ಆಗ ಚೋಳರ ಸಿಂಹಾಸನದಲ್ಲಿದ್ದನು. ಶಿವನ ಹೆಸರು ನಾಲಗೆಯ ಮೇಲಿದ್ದ ಮಾತ್ರಕ್ಕೆ ಸಾಮ್ರಾಜ್ಯದ ಖಡ್ಗ ಮೊಂಡಾಗುವುದಿಲ್ಲವೆಂಬ ಕಹಿಯಾದ ಪಾಠ ಇಲ್ಲಿದೆ. ಇದರ ಜೊತೆಗೆ ಇನ್ನೊಂದು ಎಚ್ಚರವನ್ನೂ ಮಕ್ಕಳಿಗೆ ಕಲಿಸಬೇಕು. ಒಂಬತ್ತು ಲಕ್ಷವೆಂಬ ಸಂಖ್ಯೆ ನೊಂದವರ ಬಾಯಿಂದ ಬಂದ ಸಂಖ್ಯೆ. ನೋವು ಸಹ ಲೆಕ್ಕವನ್ನು ಹಿಗ್ಗಿಸುತ್ತದೆ. ಗೆದ್ದವನ ಹೊಗಳಿಕೆಯನ್ನು ಎಷ್ಟು ಒರೆಹಚ್ಚಿ ನೋಡಬೇಕೋ ಸೋತವನ ದೂರನ್ನೂ ಅಷ್ಟೇ ಒರೆಹಚ್ಚಿ ನೋಡತಕ್ಕುದು. ಸತ್ಯಕ್ಕೆ ಪಕ್ಷಪಾತ ಸಲ್ಲದು. ಕರುಣೆಯ ಪಕ್ಷಪಾತವೂ ಸಲ್ಲದು.

ಗೆದ್ದವನೇ ತನ್ನ ಗೆಲುವಿನ ಲೆಕ್ಕವನ್ನು ಒಪ್ಪಿಸಿದ ಅಪೂರ್ವವಾದ ಉದಾಹರಣೆ ಮೌರ್ಯ ಅಶೋಕನದು. ಮಸ್ಕಿಯಲ್ಲಿ 1915ರಲ್ಲಿ ಸಿಕ್ಕಿದ ಬಂಡೆಯ ಶಾಸನದಲ್ಲಿ ಅವನ ಹೆಸರು ಸ್ಪಷ್ಟವಾಗಿ ಬಂದುದರಿಂದ ಕನ್ನಡ ನಾಡಿನ ಮಕ್ಕಳಿಗೆ ಅವನು ಪರಕೀಯನಲ್ಲ. ಅವನ ಹದಿಮೂರನೆಯ ಶಿಲಾಶಾಸನದ ಪ್ರಕಾರ ಕಳಿಂಗ ಯುದ್ಧದಲ್ಲಿ ಒಂದು ಲಕ್ಷ ಜನರು ಹತರಾದರು. ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಸಾಗಿಸಲಾಯಿತು. ಬೇರೆ ರೀತಿಯಿಂದ ಸತ್ತವರು ಅದಕ್ಕಿಂತಲೂ ಹಲವು ಪಟ್ಟು. ಇದಕ್ಕಾಗಿ ಅರಸನು ಪರಿತಪಿಸಿದನೆಂದೂ ಅಲ್ಲಿಯೇ ಇದೆ. ಪುಸ್ತಕಗಳು ಈ ಪರಿತಾಪದ ಮೇಲೆ ಪಾಠವನ್ನು ಮುಗಿಸುತ್ತವೆ. ಮಗು ಅಶೋಕನಿಗೆ ಕೈಮುಗಿದು ಎದ್ದುಹೋಗುತ್ತದೆ. ಆದರೆ ಲಕ್ಕಮ್ಮನವರ ಮೂರನೆಯ ಪ್ರಶ್ನೆ ಇನ್ನೂ ಉಳಿದೇ ಇದೆ. ಸಾಗಿಸಿದ ಒಂದೂವರೆ ಲಕ್ಷ ಜನರನ್ನು ಅವರವರ ಊರಿಗೆ ಮರಳಿಸಲಾಯಿತೆ? ಕಳಿಂಗಕ್ಕೆ ಸ್ವಾತಂತ್ರ್ಯ ಬಂದಿತೆ? ಶಾಸನವು ಹಾಗೆ ಹೇಳುವುದಿಲ್ಲ. ಕಳಿಂಗದೊಳಗೇ ಇರುವ ಧೌಲಿ ಮತ್ತು ಜೌಗಡಗಳ ಬಂಡೆಗಳ ಮೇಲೆ ಈ ಹದಿಮೂರನೆಯ ಶಾಸನವನ್ನು ಕೆತ್ತಿಸಲೇ ಇಲ್ಲ. ಅದರ ಬದಲಿಗೆ ಬೇರೆ ಶಾಸನಗಳಿವೆ. ಅಶೋಕನ ಪಶ್ಚಾತ್ತಾಪವು ಹುಸಿಯೆಂದು ಇದರಿಂದ ಹೇಳಬೇಕಾಗಿಲ್ಲ. ಆ ಬಳಿಕ ಅವನು ಧರ್ಮದಿಂದ ಗೆಲ್ಲುವುದನ್ನೇ ಮೇಲಾದ ಗೆಲುವೆಂದು ಸಾರಿದುದು ಸಣ್ಣ ಮಾತಲ್ಲ. ಆದರೆ ಪರಿತಪಿಸುವುದು ಬೇರೆ, ಮರಳಿಸುವುದು ಬೇರೆ. ಅಕ್ಕಿ ಹೆಚ್ಚಾಯಿತೆಂದು ಮಾರಯ್ಯನವರು ಮನಸ್ಸಿನಲ್ಲಿ ನೊಂದು, ಗಂಟನ್ನು ಮನೆಯಲ್ಲಿಯೇ ಇಟ್ಟುಕೊಂಡಿದ್ದರೆ ಆ ತಾಯಿ ಒಪ್ಪುತ್ತಿದ್ದರೆ?

ಇಲ್ಲಿ ಕೆಲವು ಆಕ್ಷೇಪಗಳು ಏಳುವುದು ಸಹಜ. ಅವನ್ನು ಪೂರ್ವಪಕ್ಷವಾಗಿ ಇಟ್ಟುಕೊಂಡು ವಿಚಾರಿಸುವುದು ಯುಕ್ತ.

ಯುದ್ಧದ ನೋವನ್ನು ವಿವರಿಸಿದರೆ ಮಕ್ಕಳಲ್ಲಿ ಇನ್ನೊಂದು ಮತದವರ ಮೇಲೆ, ಇನ್ನೊಂದು ನಾಡಿನವರ ಮೇಲೆ ದ್ವೇಷ ಹುಟ್ಟುವುದಿಲ್ಲವೆ ಎಂಬುದು ಮೊದಲನೆಯ ಆಕ್ಷೇಪ. ಅರ್ಧವನ್ನು ಹೇಳಿದರೆ ಹುಟ್ಟುತ್ತದೆ. ಪೂರ್ಣವಾಗಿ ಹೇಳಿದರೆ ಹುಟ್ಟುವುದಿಲ್ಲ. 1565ರ ಜನವರಿಯಲ್ಲಿ ರಕ್ಕಸಗಿ ತಂಗಡಗಿಯ ಕಾಳಗದಲ್ಲಿ ರಾಮರಾಯನು ಹತನಾಗಿ, ವಿಜಯನಗರವು ತಿಂಗಳುಗಟ್ಟಲೆ ಸೂರೆಯಾಯಿತು. ಹಂಪೆಯ ಹಾಳು ಅದನ್ನು ಸಾರುತ್ತದೆ; ಮುಚ್ಚಿಡುವುದು ಸಾಧ್ಯವೂ ಅಲ್ಲ, ಸಾಧುವೂ ಅಲ್ಲ. ಆದರೆ ಅದಕ್ಕೆ ಏಳು ವರ್ಷ ಹಿಂದೆ, 1558ರಲ್ಲಿ, ಅದೇ ರಾಮರಾಯನು ಬಿಜಾಪುರದ ಅಲಿ ಆದಿಲಶಾಹನ ಜೊತೆಗೂಡಿ ಅಹಮದನಗರದ ಮೇಲೆ ದಂಡೆತ್ತಿ ಹೋಗಿದ್ದನೆಂಬುದನ್ನೂ, ವಿಜಯನಗರದ ಸೈನ್ಯದಲ್ಲಿ ಪ್ರೌಢದೇವರಾಯನ ಕಾಲದಿಂದಲೇ ಮುಸಲ್ಮಾನ ಯೋಧರಿದ್ದರೆಂಬುದನ್ನೂ ಕೂಡಿಸಿ ಹೇಳಬೇಕು. 1791ರಲ್ಲಿ ಮರಾಠರ ದಂಡಿನೊಡನೆ ಬಂದ ಪಿಂಡಾರಿಗಳು ಶೃಂಗೇರಿಯ ಮಠವನ್ನು ಸುಲಿದರು. ಅದರ ಪುನಃಸ್ಥಾಪನೆಗೆ ಧನವನ್ನು ಕಳುಹಿಸಿದವನು ಟಿಪ್ಪು ಸುಲ್ತಾನನು. ಅದೇ ಟಿಪ್ಪುವಿನ ದಂಡು ಕೊಡಗಿನಿಂದ ಸಾವಿರಾರು ಜನರನ್ನು ಸೆರೆಹಿಡಿದು ಸಾಗಿಸಿತು. ಇವೆರಡರಲ್ಲಿ ಒಂದನ್ನೇ ಆರಿಸಿಕೊಂಡು ಹೇಳುವವನು ಚರಿತ್ರೆಯನ್ನು ಹೇಳುತ್ತಿಲ್ಲ, ವಕಾಲತ್ತು ಮಾಡುತ್ತಿದ್ದಾನೆ. ಗಂಟು ಹೊತ್ತವನ ಮತ ಯಾವುದೆಂದು ಲಕ್ಕಮ್ಮನವರ ಪ್ರಶ್ನೆ ಕೇಳುವುದಿಲ್ಲ. ಗಂಟು ಯಾರದೆಂದು ಕೇಳುತ್ತದೆ.

ಸಾಮ್ರಾಜ್ಯಗಳಿಲ್ಲದಿದ್ದರೆ ದೇವಾಲಯಗಳೂ ಕಾವ್ಯಗಳೂ ಎಲ್ಲಿರುತ್ತಿದ್ದವು ಎಂಬುದು ಎರಡನೆಯ ಆಕ್ಷೇಪ. ಇದು ಬಲವಾದ ಆಕ್ಷೇಪವೇ ಸರಿ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ರಾಣಿ ಲೋಕಮಹಾದೇವಿಯು ಕಟ್ಟಿಸಿದುದು ಕಾಂಚಿಯ ವಿಜಯದ ನೆನಪಿಗಾಗಿಯೇ. ವೀರಶೈವ ವಾಙ್ಮಯವಾದರೂ ಈ ಋಣದಿಂದ ಹೊರತಲ್ಲ. ಪ್ರೌಢದೇವರಾಯನ ಕಾಲದಲ್ಲಿ ‘ಶಿವತತ್ತ್ವಚಿಂತಾಮಣಿ’ಯನ್ನು ಬರೆದ ಲಕ್ಕಣ್ಣ ದಂಡೇಶನು ಹೆಸರೇ ಹೇಳುವಂತೆ ದಂಡನಾಯಕನು. ವಚನಗಳನ್ನು ಸಂಗ್ರಹಿಸಿ ಕ್ರಮಪಡಿಸಿದ ಆ ಮಹತ್ಕಾರ್ಯದ ಹಿಂದೆ ವಿಜಯನಗರದ ಐಶ್ವರ್ಯದ ನೆರಳೂ ಇತ್ತು. ಇದನ್ನು ಭಕ್ತರು ಮರೆಯಬೇಕಾದುದಿಲ್ಲ, ನಾಚಬೇಕಾದುದೂ ಇಲ್ಲ; ಅರಿತಿರಬೇಕಾದುದು. ಆದರೆ ಪಟ್ಟದಕಲ್ಲಿನ ಶಾಸನವೇ ಇನ್ನೊಂದು ಹೆಸರನ್ನೂ ಉಳಿಸಿದೆ. ಅದು ಆ ದೇವಾಲಯವನ್ನು ನಿರ್ಮಿಸಿದ ಶಿಲ್ಪಿ ಗುಂಡನದು. ಕಲ್ಲು ದೇವಾಲಯವಾದುದು ಕಾಂಚಿಯನ್ನು ಮುತ್ತಿದ ಕತ್ತಿಯಿಂದಲ್ಲ, ಗುಂಡನ ಮತ್ತು ಅವನ ಸಂಗಡಿಗರ ಉಳಿ ಸುತ್ತಿಗೆಗಳಿಂದ. ಮಗುವನ್ನು ಪಟ್ಟದಕಲ್ಲಿಗೆ ಕರೆದೊಯ್ದವರು ಇದನ್ನು ಕಟ್ಟಿಸಿದವರು ಯಾರೆಂದು ಮಾತ್ರ ಕೇಳದೆ ಕಟ್ಟಿದವರು ಯಾರೆಂದೂ ಕೇಳಲಿ. ಹಣ ಎಲ್ಲಿಂದ ಬಂದಿತೆಂಬುದಕ್ಕೆ ಒಂದು ಉತ್ತರ, ಚೆಲುವು ಎಲ್ಲಿಂದ ಬಂದಿತೆಂಬುದಕ್ಕೆ ಇನ್ನೊಂದು ಉತ್ತರ ದೊರೆತಾಗ, ಕಾಯಕದ ಹಿರಿಮೆಯನ್ನು ಬೇರೆಯಾಗಿ ಬೋಧಿಸಬೇಕಾದ ಕಾರಣವಿರದು.

ಈ ಎರಡು ಆಕ್ಷೇಪಗಳಿಗಿಂತ ಕಠಿನವಾದುದು ಸ್ವಗೃಹದ ಪರೀಕ್ಷೆ. ಪರರ ಯುದ್ಧಗಳನ್ನು ತೂಗುವ ತಕ್ಕಡಿಯನ್ನು ಕಲ್ಯಾಣದ ಕ್ರಾಂತಿಯ ಮೇಲೆಯೂ ಹಿಡಿಯಬೇಕಲ್ಲವೆ? ಬಿಜ್ಜಳನು ಮಹಾಮಂಡಲೇಶ್ವರನಾಗಿದ್ದು ಒಡೆಯರಾದ ಚಾಲುಕ್ಯರ ಸಿಂಹಾಸನವನ್ನು ತಾನು ಆಕ್ರಮಿಸಿಕೊಂಡವನು. ಅವನ ಬೊಕ್ಕಸದ ಲೆಕ್ಕವನ್ನು ನೋಡಿಕೊಂಡ ಬಸವಣ್ಣನವರು ಅಲ್ಲಿಯೇ ಇದ್ದುಕೊಂಡು ಮಹಾಮನೆಯ ದಾಸೋಹವನ್ನು ನಡೆಸಿದರು. ಹರಳಯ್ಯ ಮಧುವರಸರ ಮನೆಗಳ ವಿವಾಹಸಂಬಂಧ, ಅವರಿಬ್ಬರಿಗೂ ಆದ ಘೋರವಾದ ಶಿಕ್ಷೆ, ಶರಣರು ಕಲ್ಯಾಣವನ್ನು ಬಿಟ್ಟು ಚದುರಿದುದು, ಚೆನ್ನಬಸವಣ್ಣನವರು ಉಳವಿಯನ್ನು ಸೇರಿದುದು, ಇವು ಪ್ರತಿಯೊಂದು ಭಕ್ತರ ಮನೆಯಲ್ಲಿಯೂ ಕಥೆಯಾಗಿ ಹೇಳಲ್ಪಡುತ್ತವೆ. ಆದರೆ ಬಿಜ್ಜಳನ ಅಂತ್ಯದ ವಿಷಯಕ್ಕೆ ಬಂದಾಗ ಹೇಳುವವರ ಧ್ವನಿ ಬದಲಾಗುತ್ತದೆ. ಜಗದೇವ ಮೊದಲಾದವರು ಅರಸನನ್ನು ಕೊಂದರೆಂದು ವೀರಶೈವ ಪರಂಪರೆಯ ಪುರಾಣಗಳು ಹೇಳುತ್ತವೆ. ಜೈನರ ಕಾವ್ಯ ಬೇರೆ ರೀತಿಯಲ್ಲಿ ಹೇಳುತ್ತದೆ. 1167ರ ಸುಮಾರಿಗೆ ಮಗನಾದ ಸೋವಿದೇವನು ಪಟ್ಟಕ್ಕೆ ಬಂದನೆಂಬುದಷ್ಟನ್ನು ಶಾಸನಗಳಿಂದ ತಿಳಿಯಬಹುದು. ಮಕ್ಕಳಿಗೆ ಈ ಮೂರನ್ನೂ ಹೇಳುವ ಧೈರ್ಯ ಹಿರಿಯರಲ್ಲಿ ಇರಬೇಕು. ಅಷ್ಟೇ ಅಲ್ಲ, ಕೊಂದುದು ನಿಜವೇ ಆಗಿದ್ದರೆ ಅದು ಧರ್ಮವೆ ಎಂದು ಮಗು ಕೇಳಿದಾಗ ಅದನ್ನು ಸುಮ್ಮನಿರಿಸಲಾಗದು. ಧರ್ಮದ ಬೇರನ್ನು ಕಾರುಣ್ಯದಲ್ಲಿ ಕಂಡವರು ಬಸವಣ್ಣನವರು. ಅವರ ಹೆಸರಿನಲ್ಲಿ ಆದ ಕೊಲೆಯನ್ನು ಅವರ ಬೋಧೆಯಿಂದಲೇ ತೂಗತಕ್ಕುದು. ಕಲ್ಯಾಣದಿಂದ ಉಳಿದುಬಂದುದು ಯಾವುದು? ಅರಸನನ್ನು ಕೊಂದ ಕಠಾರಿಯೆ? ಶರಣರು ಕಾಡುಮೇಡುಗಳಲ್ಲಿ ಹೊತ್ತು ಸಾಗಿಸಿದರೆಂದು ಪರಂಪರೆ ಹೇಳುವ ವಚನಗಳ ಕಟ್ಟುಗಳೆ? ಈ ಪ್ರಶ್ನೆಗೆ ಮಗುವೇ ಉತ್ತರವನ್ನು ಕೊಟ್ಟೀತು.

ಹೀಗೆ ಕಲಿಸಿದರೆ ಮಕ್ಕಳು ಹೇಡಿಗಳಾಗುವುದಿಲ್ಲವೆ, ನಾಡನ್ನು ಕಾಯುವವರು ಯಾರು ಎಂಬುದು ಕೊನೆಯ ಆಕ್ಷೇಪ. ಇದಕ್ಕೆ ಉತ್ತರವು ಹಳ್ಳಿಹಳ್ಳಿಯ ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ ನಿಂತಿದೆ. ಕನ್ನಡ ನಾಡಿನ ವೀರಗಲ್ಲುಗಳಲ್ಲಿ ಬಹಳಷ್ಟು ದಿಗ್ವಿಜಯಕ್ಕೆ ಹೋದವರವಲ್ಲ. ಊರಿನ ದನಗಳನ್ನು ಹೊಡೆದುಕೊಂಡು ಹೋಗುವವರನ್ನು ತಡೆದು ತುರುಗೋಳಿನಲ್ಲಿ ಮಡಿದವರವು, ಹೆಂಗಸರ ಮಾನವನ್ನು ಕಾಯುತ್ತ ಮಡಿದವರವು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಮೇಲಕ್ಕೆ ಒಯ್ಯುವ ದೇವಕನ್ನಿಕೆಯರು, ಮೇಲೆ ಲಿಂಗದ ಸನ್ನಿಧಿ. ಮದ್ದೂರು ಸೀಮೆಯ ಆತಕೂರಿನ, 949ರ ಸುಮಾರಿನ, ಕಲ್ಲಿನಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ನಾಯಿಯ ನೆನಪೂ ಇದೆ. ಅದರ ಹೆಸರಿನಲ್ಲಿ ಭೂಮಿಯನ್ನೂ ಬಿಟ್ಟುಕೊಟ್ಟರು. ರಾಷ್ಟ್ರಕೂಟ ಮತ್ತು ಗಂಗರು ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಗೆದ್ದುಕೊಂದ ವೃತ್ತಾಂತವೂ ಅದೇ ಕಲ್ಲಿನ ಮೇಲಿದೆ. ಅದನ್ನು ಓದಿದ ಮಗು ಅರಸರನ್ನು ಮರೆತು ಕಾಳಿಯನ್ನು ನೆನಪಿನಲ್ಲಿಟ್ಟುಕೊಂಡರೆ ಅದರ ಬುದ್ಧಿ ಕೆಟ್ಟಿತೆಂದು ತಿಳಿಯಬಾರದು. ಕಾಯುವುದಕ್ಕೆ ಪ್ರಾಣವನ್ನು ಕೊಡುವ ಶೌರ್ಯ ಬೇರೆ, ಕಸಿಯುವುದಕ್ಕೆ ಪ್ರಾಣವನ್ನು ತೆಗೆಯುವ ಶೌರ್ಯ ಬೇರೆ. ಈ ಭೇದವನ್ನು ತಿಳಿದ ಮಗು ಹೇಡಿಯಾಗುವುದಿಲ್ಲ. ಯಾರ ಹಿಂದೆ ಕತ್ತಿ ಹಿಡಿದು ಹೋಗಬಾರದೆಂಬುದನ್ನು ಮಾತ್ರ ಅರಿತುಕೊಳ್ಳುತ್ತದೆ.

ಕಿತ್ತೂರಿನ ಕಥೆಯನ್ನು ಹೇಳುವಾಗ ಈ ಭೇದವು ಇನ್ನೂ ಸ್ಪಷ್ಟವಾಗುವುದು. 1824ರ ಸೆಪ್ಟೆಂಬರಿನಲ್ಲಿ ದೇಸಾಯಿ ಶಿವಲಿಂಗರುದ್ರ ಸರ್ಜನು ತೀರಿಕೊಂಡನು. ದತ್ತಕವನ್ನು ಮನ್ನಿಸದೆ ಕಂಪನಿ ಸರಕಾರವು ಸಂಸ್ಥಾನದ ಬೊಕ್ಕಸಕ್ಕೆ ಮುದ್ರೆ ಹಾಕಹೊರಟಿತು. ಅಕ್ಟೋಬರ್ 23ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದನು. ಅವನ ಕೈಕೆಳಗಿನ ಸ್ಟೀವನ್‌ಸನ್ ಮತ್ತು ಎಲಿಯಟ್ ಎಂಬ ಇಬ್ಬರು ತರುಣ ಅಧಿಕಾರಿಗಳು ಸೆರೆಸಿಕ್ಕರು. ಇಲ್ಲಿಯವರೆಗಿನ ಕಥೆಯನ್ನು ಎಲ್ಲರೂ ಆವೇಶದಿಂದ ಹೇಳುತ್ತಾರೆ. ಮುಂದಿನದನ್ನು ಹೇಳುವವರು ಕಡಮೆ. ಸೆರೆಸಿಕ್ಕ ಇಬ್ಬರನ್ನೂ ರಾಣಿ ಚೆನ್ನಮ್ಮನವರು ಕೊಲ್ಲಿಸಲಿಲ್ಲ. ವಾರಗಳ ತನಕ ಕಾಪಾಡಿ, ಕಂಪನಿಯ ದೊಡ್ಡ ಸೈನ್ಯ ಬಂದು ಕೋಟೆಯ ಮುಂದೆ ನಿಂತಾಗ ಜೀವಸಹಿತ ಬಿಟ್ಟುಕೊಟ್ಟರು. ಒತ್ತೆಯಾಳುಗಳಿಂದ ಸಂಧಿಗೆ ಅನುಕೂಲವಾದೀತೆಂಬ ಲೆಕ್ಕವೂ ಇದರಲ್ಲಿ ಇದ್ದಿರಬಹುದು. ಇದ್ದರೂ ಕೈಯಲ್ಲಿದ್ದ ಶತ್ರುವಿನ ಪ್ರಾಣ ಉಳಿಯಿತು. ಕಂಪನಿಯವರು ಬಿಡುಗಡೆಯಾದವರನ್ನು ಸ್ವೀಕರಿಸಿಯೂ ಡಿಸೆಂಬರಿನ ಮೊದಲ ವಾರದಲ್ಲಿ ಕೋಟೆಯನ್ನು ಹಿಡಿದರು. ರಾಣಿಯವರು ಬೈಲಹೊಂಗಲದಲ್ಲಿ ಸೆರೆಯಾಳಾಗಿದ್ದು 1829ರಲ್ಲಿ ಲಿಂಗೈಕ್ಯರಾದರು. ಯಾರು ಯಾರಿಗೆ ಏನನ್ನು ಮರಳಿಸಿದರು, ಯಾರು ಮರಳಿಸಲಿಲ್ಲ ಎಂಬ ಲೆಕ್ಕವನ್ನು ಮಗುವೇ ಮಾಡಿಕೊಳ್ಳಲಿ.

ಉಳಿದ ಇಬ್ಬರಲ್ಲಿ ಒಬ್ಬನಾದ ವಾಲ್ಟರ್ ಎಲಿಯಟ್ಟನು ಮುಂದೆ ಅದೇ ಧಾರವಾಡ ಸೀಮೆಯ ಊರೂರುಗಳಲ್ಲಿ ಕನ್ನಡ ಶಾಸನಗಳನ್ನು ಹುಡುಕಿ ಪ್ರತಿಮಾಡಿಸಿದನು. ಅವನು ಕೂಡಿಸಿದ ಪ್ರತಿಗಳು 500ಕ್ಕೂ ಹೆಚ್ಚು. 1837ರಲ್ಲಿ ಲಂಡನ್ನಿನ ರಾಯಲ್ ಏಶಿಯಾಟಿಕ್ ಸೊಸಾಯಿಟಿಯ ಪತ್ರಿಕೆಯಲ್ಲಿ ಪ್ರಕಟವಾದ ಅವನ ಲೇಖನದಿಂದ ಚಾಲುಕ್ಯರ ಮರೆತುಹೋದ ವಂಶಾವಳಿ ಬೆಳಕಿಗೆ ಬಂದಿತು. ಇಂದು ಮಕ್ಕಳು ಓದುವ ಕನ್ನ��ಡ ನಾಡಿನ ಚರಿತ್ರೆಗೆ ಹಾಕಿದ ತಳಪಾಯದ ಕಲ್ಲುಗಳಲ್ಲಿ ಅದೂ ಒಂದು. ಕಿತ್ತೂರಿನ ಕೋಟೆಯಲ್ಲಿ ಆ ಸೆರೆಯಾಳಿನ ಕೊರಳನ್ನು ಕೊಯ್ದಿದ್ದರೆ ಈ ಕೆಲಸ ಇನ್ನೊಬ್ಬರಿಂದ ಆಗುತ್ತಿತ್ತೋ ಏನೋ, ಅವನಿಂದಂತೂ ಆಗುತ್ತಿರಲಿಲ್ಲ. ಅವನು ಚಾಕರಿ ಮಾಡಿದ ಸಾಮ್ರಾಜ್ಯದ ಅನ್ಯಾಯವನ್ನು ಇದು ತೊಳೆಯುವುದಿಲ್ಲ. ಶತ್ರುವಿನ ಸಾವಿನಿಂದ ಬಂದ ಲಾಭವನ್ನು ಎಣಿಸುವವರು ಅವನ ಬದುಕಿನಿಂದ ಬಂದ ಲಾಭವನ್ನೂ ಎಣಿಸಲಿ ಎಂಬಷ್ಟನ್ನು ಮಾತ್ರ ಇದು ಕಲಿಸುತ್ತದೆ.

ಇಷ್ಟೆಲ್ಲವನ್ನೂ ಎಳೆಯ ಮಕ್ಕಳ ಮುಂದೆ ಒಮ್ಮೆಗೇ ಸುರಿಯಬೇಕೆಂದು ಇದರ ಅರ್ಥವಲ್ಲ. ತಾಯಿಯಾದವಳು ಹಸುಗೂಸಿಗೆ ರೊಟ್ಟಿಯನ್ನು ಉಣಿಸುವುದಿಲ್ಲ. ಎಂಟು ಹತ್ತು ವರ್ಷದ ಮಗುವಿಗೆ ವೀರಗಲ್ಲಿನ ಕಥೆ, ಕಾಳಿಯ ಕಥೆ, ಕಾಂಚಿಯಲ್ಲಿ ಮರಳಿಸಿದ ಹೊನ್ನಿನ ಕಥೆ ಸಾಕು. ರಕ್ತದ ವರ್ಣನೆ ಬೇಡ. ಹನ್ನೆರಡು ದಾಟಿದ ಮೇಲೆ ವಾತಾಪಿ ಕಾಂಚಿಗಳ ಎರಡೂ ಪಕ್ಷದ ಶಾಸನಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿಸಬಹುದು. ಅಶೋಕನ ಲೆಕ್ಕವನ್ನೂ ಕಲ್ಯಾಣದ ಪ್ರಶ್ನೆಯನ್ನೂ ಮೀಸೆ ಚಿಗುರುವ ವಯಸ್ಸಿನವರ ಮುಂದೆ ಇಡಬಹುದು. ಯಾವ ವಯಸ್ಸಿನಲ್ಲಿಯೇ ಆಗಲಿ, ಉಪಾಧ್ಯಾಯನು ತೀರ್ಪನ್ನು ತಾನು ಮೊದಲು ಹೇಳಿಬಿಡಬಾರದು. ಅನುಭವಮಂಟಪದ ಪದ್ಧತಿಯೇ ಪ್ರಶ್ನೋತ್ತರದ್ದು. ಅಲ್ಲಿ ಅಂಬಿಗನೂ ಮಡಿವಾಳನೂ ಅಕ್ಕಿ ಆಯುವವರ ಮನೆಯ ಗೃಹಿಣಿಯೂ ಪ್ರಶ್ನೆಯನ್ನು ಕೇಳಿದರೆಂದು ಪರಂಪರೆ ಹೇಳುತ್ತದೆ. ಶಾಲೆಯ ಮಗು ಕೇಳಬಾರದೆ?

ಮನೆಯ ಹಿರಿಯರಿಗೂ ಇದರಲ್ಲಿ ಪಾಲುಂಟು. ಮಗು ಚರಿತ್ರೆಯ ಪಾಠವನ್ನು ಒಪ್ಪಿಸುವಾಗ ವರ್ಷ ಸರಿಯಾಯಿತೆ ಎಂದು ಮಾತ್ರ ನೋಡದೆ, ಆ ದಂಡು ಹಾದುಹೋದ ಹೊಲದ ಬೆಳೆ ಏನಾಯಿತೆಂದು ಒಂದು ಮಾತು ಕೇಳಬಹುದು. ಊರಿನ ವೀರಗಲ್ಲು ಕಸದಲ್ಲಿ ಬಿದ್ದಿದ್ದರೆ ಮಕ್ಕಳನ್ನು ಕರೆದೊಯ್ದು ಎತ್ತಿ ನಿಲ್ಲಿಸಿ ತೊಳೆದು, ಅಕ್ಷರ ಬಲ್ಲವರಿಂದ ಓದಿಸಬಹುದು. ಅಮಾವಾಸ್ಯೆಯ ದಾಸೋಹದಲ್ಲಿ ಎಡೆ ಮಾಡುವಾಗ, ಈ ಅಕ್ಕಿ ಎಲ್ಲಿಂದ ಬಂದಿತೆಂದು ಮಗು ಕೇಳಿದರೆ ಗದರದೆ ಉತ್ತರ ಹೇಳಬಹುದು. ಆ ಪ್ರಶ್ನೆಗೆ ಮನೆಯಲ್ಲಿ ನೇರವಾದ ಉತ್ತರವನ್ನು ಪಡೆದು ಬೆಳೆದ ಮಗು, ನಾಳೆ ಯಾವ ಅರಸನ ಬಿರುದನ್ನು ಓದಿದರೂ, ಯಾವ ಗೆಲುವಿನ ಮೆರವಣಿಗೆಯನ್ನು ಕಂಡರೂ, ಅದೇ ಪ್ರಶ್ನೆಯನ್ನು ಕೇಳದೆ ಬಿಡಲಾರದು.